ಹಳೇ ಗಾಡಿ ಗುಜರಿಗೆ, ಹೊಸ ಗಾಡಿಗೆ ರಿಯಾಯಿತಿ: ದುಡ್ಡು ಯಾರದ್ದು, ಹೋಗುವುದು ಯಾರಿಗೆ?

ಮಾನ್ಯ ಸಾರಿಗೆ ಸಚಿವರಿಗೆ ಹಾಗೂ ರಾಜ್ಯದ ಹಣಕಾಸು ಇಲಾಖೆಯವರಿಗೆ,

ನಮಸ್ಕಾರ.

ನಾನು ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಕಾಫಿ ಬೆಳೆಗಾರ. ನಾಲ್ಕು ಎಕರೆ ತೋಟ, ಸ್ವಲ್ಪ ಗದ್ದೆ, 2006ರಲ್ಲಿ ಕೊಂಡ ಒಂದು ಮಾರುತಿ ಓಮ್ನಿ. ಇಷ್ಟು ನನ್ನ ಆಸ್ತಿ. ಓಮ್ನಿಯ ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಬೇಕು, ಇಲ್ಲದಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಇಪ್ಪತ್ತು ವರ್ಷದಲ್ಲಿ ಅದು ಓಡಿರುವುದು 1 ಲಕ್ಷ 14 ಸಾವಿರ ಕಿಲೋಮೀಟರ್. ಬೆಂಗಳೂರಿನ ಟ್ಯಾಕ್ಸಿ ಎರಡು ಮೂರು ವರ್ಷದಲ್ಲಿ ಓಡುವ ದೂರ ಅದು. ಹೊಗೆ ತಪಾಸಣೆಯಲ್ಲಿ ಇದುವರೆಗೆ ಒಮ್ಮೆಯೂ ಫೇಲ್ ಆಗಿಲ್ಲ.

ಈ ಪತ್ರಕ್ಕೆ ಕಾರಣವಾಗಿದ್ದು ಕೆಲವು ತಿಂಗಳ ಹಿಂದೆ ಒಂದು ಕಾರ್ ಶೋರೂಮಿನಲ್ಲಿ ನಾನು ಕಣ್ಣಾರೆ ಕಂಡ ಸಂಗತಿ. ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿರುವ ನಮ್ಮ ಸಂಬಂಧಿಕ ಹುಡುಗನೊಬ್ಬ ಹೊಸ ಕಾರು ತೆಗೆದುಕೊಳ್ಳುತ್ತಿದ್ದ. ಪುತ್ತರಿ ಹಬ್ಬಕ್ಕೆ ಊರಿಗೆ ಬಂದಾಗಲೇ ಯಾವ ಕಾರು, ಯಾವ ಬಣ್ಣ ಎಂದು ತೀರ್ಮಾನ ಮಾಡಿ ಮುಂಗಡವನ್ನೂ ಕಟ್ಟಿಯಾಗಿತ್ತು. ಬೆಲೆ ಸುಮಾರು 25 ಲಕ್ಷ. ಹಿರಿಯರು ಜೊತೆಗಿರಲಿ ಎಂದು ನನ್ನನ್ನು ಕರೆದ. ನಾನು ನನ್ನ ವ್ಯಾನಿನಲ್ಲೇ ಹೋಗಿದ್ದೆ.

ಕಾಗದ ಪತ್ರ ಮಾಡುವಾಗ ಸೇಲ್ಸ್ ಹುಡುಗ ಕೇಳಿದ. "ಸರ್, ಸ್ಕ್ರ್ಯಾಪ್ ಸರ್ಟಿಫಿಕೇಟ್ ಏನಾದ್ರೂ ಇದ್ಯಾ? ಟ್ಯಾಕ್ಸಲ್ಲಿ ಕಮ್ಮಿ ಆಗುತ್ತೆ."

ನಮ್ಮ ಹುಡುಗ ಹೇಳಿದ, "ನನ್ನ ಹತ್ರ ಹಳೇ ಗಾಡಿ ಇಲ್ವಲ್ಲ."

"ನಿಮ್ದೇ ಆಗ್ಬೇಕು ಅಂತೇನಿಲ್ಲ ಸರ್. ಬೇರೆಯವರ ಸರ್ಟಿಫಿಕೇಟ್ ಕೊಂಡ್ಕೋಬಹುದು." ಅಷ್ಟು ಹೇಳಿ ಗಾಜಿನ ಆಚೆ ನಿಂತಿದ್ದ ನನ್ನ ವ್ಯಾನನ್ನು ನೋಡಿದ. "ಆ ಓಮ್ನಿ ಯಾರದ್ದು ಸರ್?"

ಹುಡುಗನ ತಪ್ಪಿಲ್ಲ. ಅವನು ಹೇಳಿದ್ದು ನಿಯಮದಲ್ಲೇ ಇದೆ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಹಳೇ ಗಾಡಿಯನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಗಾಡಿ ಒಪ್ಪಿಸಿದ್ದಕ್ಕೆ ಒಂದು ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಸಿಗುತ್ತದೆ. ಅದನ್ನು ಇನ್ನೊಬ್ಬರಿಗೆ ಮಾರಬಹುದು. ಅಂದರೆ ನನ್ನ ವ್ಯಾನು ಗುಜರಿಗೆ ಹೋದರೆ, ಆ ಕಾಗದದ ಬಲದಲ್ಲಿ ಮತ್ಯಾರೋ 25 ಲಕ್ಷದ ಕಾರಿಗೆ ತೆರಿಗೆ ರಿಯಾಯಿತಿ ಪಡೆಯಬಹುದು. ಅವತ್ತು ರಾತ್ರಿ ಮನೆಗೆ ಬಂದು ಲೆಕ್ಕ ಹಾಕಲು ಕೂತೆ. ಆ ಲೆಕ್ಕವನ್ನೇ ಈಗ ತಮ್ಮ ಮುಂದೆ ಇಡುತ್ತಿದ್ದೇನೆ.

ಈ ಗುಜರಿ ನೀತಿ 2021ರ ಬಜೆಟ್ಟಿನಲ್ಲಿ ಬಂತು. ಅದೇ ವರ್ಷ ಆಗಸ್ಟ್ 13ರಂದು ಪ್ರಧಾನಿಯವರು ಅದಕ್ಕೆ ಚಾಲನೆ ಕೊಟ್ಟರು. ಅಕ್ಟೋಬರ್‌ನಲ್ಲಿ ಹೊರಟ ಕೇಂದ್ರದ ಅಧಿಸೂಚನೆ ಪ್ರಕಾರ, ಈ ಪ್ರಮಾಣಪತ್ರ ತಂದವರಿಗೆ ರಾಜ್ಯಗಳು ವಾಹನ ತೆರಿಗೆಯಲ್ಲಿ ರಿಯಾಯಿತಿ ಕೊಡಬಹುದು. ಸ್ವಂತ ಬಳಕೆಯ ವಾಹನಕ್ಕೆ ಶೇ. 25ರವರೆಗೆ, ಬಾಡಿಗೆ ಮತ್ತು ಸರಕು ವಾಹನಕ್ಕೆ ಶೇ. 15ರವರೆಗೆ. ಇಲ್ಲೇ ನನಗೆ ಮೊದಲ ಪ್ರಶ್ನೆ ಎದ್ದಿತು. ದಿನವಿಡೀ ರಸ್ತೆಯಲ್ಲಿದ್ದು ಜಾಸ್ತಿ ಹೊಗೆ ಬಿಡುವುದು ಲಾರಿ, ಜೀಪು, ಟೆಂಪೋ. ಅವುಗಳಿಗೆ ಕಡಿಮೆ ರಿಯಾಯಿತಿ, ಮನೆ ಮುಂದೆ ನಿಲ್ಲುವ ಕಾರಿಗೆ ಜಾಸ್ತಿ. ಯಾಕೆ?

ವಾಹನ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಬರುವ ದುಡ್ಡು. ನಮ್ಮ ರಾಜ್ಯದಲ್ಲಿ ಕಾರಿನ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದ ಗಾಡಿಗೆ ಶೇ. 14, 20 ಲಕ್ಷ ದಾಟಿದರೆ ಶೇ. 18. ಸೆಸ್ ಬಿಟ್ಟು ಲೆಕ್ಕ ಹಾಕೋಣ. 9 ಲಕ್ಷದ ಕಾರಿಗೆ ತೆರಿಗೆ 1,26,000 ರೂಪಾಯಿ. ಕೇಂದ್ರ ಹೇಳಿದ ಮಿತಿಯವರೆಗೂ ಬಿಟ್ಟರೆ 31,500 ರೂಪಾಯಿ ಉಳಿಯುತ್ತದೆ. 25 ಲಕ್ಷದ ಕಾರಿಗೆ ತೆರಿಗೆ ನಾಲ್ಕೂವರೆ ಲಕ್ಷ. ಅದರ ಕಾಲು ಭಾಗ 1,12,500. ಗುಜರಿಗೆ ಹೋಗುವ ಗಾಡಿ ಎರಡು ಕಡೆಯೂ ಒಂದೇ, ನನ್ನ ಓಮ್ನಿ. ಗಾಳಿಗೆ ಆಗುವ ಉಪಕಾರವೂ ಒಂದೇ. ಆದರೆ ಆ ಮಿತಿಯವರೆಗೂ ಬಿಟ್ಟರೆ ದೊಡ್ಡ ಕಾರು ಕೊಳ್ಳುವವರಿಗೆ ಸರ್ಕಾರ ಸುಮಾರು ಮೂರೂವರೆ ಪಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ.

ಹೊಸ ಕಾರು ಮಾರಾಟವಾದರೆ ನೇರ ಲಾಭ ಕಂಪನಿಗಳಿಗೆ. ಅವರು ಎಷ್ಟು ಬಿಡಲು ಒಪ್ಪಿದ್ದರು ಎಂದೂ ನೋಡಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವರ ಜೊತೆ ಮಾತುಕತೆಯಾದ ಮೇಲೆ ಹಲವು ಕಾರು ಕಂಪನಿಗಳು ಒಪ್ಪಿಕೊಂಡಿದ್ದು ಇಷ್ಟು: ಹಳೇ ಗಾಡಿ ಗುಜರಿಗೆ ಹಾಕಿ ಬಂದವರಿಗೆ ಶೋರೂಮ್ ಬೆಲೆಯ ಶೇ. 1.5 ಅಥವಾ 20 ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ಅದೂ ಸೀಮಿತ ಅವಧಿಗೆ. 9 ಲಕ್ಷದ ಕಾರಿಗೆ ಇದು 13,500 ರೂಪಾಯಿ. 25 ಲಕ್ಷದ ಕಾರಿಗೆ 20 ಸಾವಿರ, ಅದಕ್ಕಿಂತ ಮೇಲಿಲ್ಲ. ವ್ಯಾಪಾರ ಮಾಡುವವರು ತಮ್ಮ ಜೇಬಿಗೆ ಒಂದು ಮಿತಿ ಹಾಕಿಕೊಂಡಿದ್ದರು. ಅದು ಸರಿಯೇ. ಜನರ ದುಡ್ಡಿಗೂ ಅಂಥದೇ ಮಿತಿ ಬೇಕಲ್ವಾ?

ಇದರ ಮೇಲೆ ಕೇಂದ್ರದಿಂದಲೂ ದುಡ್ಡು ಇಟ್ಟಿದ್ದಾರೆ. ರಾಜ್ಯಗಳು ಹಳೇ ಸರ್ಕಾರಿ ವಾಹನ ಗುಜರಿಗೆ ಹಾಕಲಿ, ಜನರಿಗೆ ತೆರಿಗೆ ರಿಯಾಯಿತಿ ಕೊಡಲಿ ಎಂದು 2022-23ರಲ್ಲಿ 2,000 ಕೋಟಿ, 2023-24ರಲ್ಲಿ 3,000 ಕೋಟಿ ರೂಪಾಯಿ ತೆಗೆದಿಟ್ಟರು. ಅದು 50 ವರ್ಷದ ಬಡ್ಡಿಯಿಲ್ಲದ ಸಾಲ. ಬಡ್ಡಿ ಇಲ್ಲ ಎಂದರೆ ಯಾರೂ ಕಟ್ಟುವುದಿಲ್ಲ ಎಂದರ್ಥವಲ್ಲ. ರಾಜ್ಯದ ಪರವಾಗಿ ಆ ಹೊರೆಯನ್ನು ದೇಶದ ತೆರಿಗೆದಾರರು ಹೊರುತ್ತಾರೆ, ಅಸಲನ್ನು ನಮ್ಮ ಮಕ್ಕಳು ತೀರಿಸುತ್ತಾರೆ.

ಈ ತೆರಿಗೆದಾರರು ಯಾರು ಎಂದು ಇಲ್ಲಿ ಕೂತು ನೋಡಿದರೆ ಚೆನ್ನಾಗಿ ಕಾಣುತ್ತದೆ. ನಮ್ಮ ತೋಟಕ್ಕೆ ಕಾಫಿ ಕೊಯ್ಲಿಗೆ ಬರುವ ಹೆಂಗಸೊಬ್ಬರು ಪಕ್ಕದ ಎಸ್ಟೇಟಿನ ಲೈನ್‌ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ ಇದ್ದಾರೆ. ಅವರು ಜನ್ಮದಲ್ಲಿ ಕಾರು ಕೊಳ್ಳುವವರಲ್ಲ. ಆದರೆ ಸೋಪಿನಿಂದ ಹಿಡಿದು ಮಗಳ ಚಪ್ಪಲಿವರೆಗೆ ಎಲ್ಲದಕ್ಕೂ ತೆರಿಗೆ ಕೊಡುತ್ತಾರೆ. ಅವರನ್ನು ಕರೆತರುವುದು ನಮ್ಮ ನೆರೆಮನೆಯವರ ಹಳೇ ಡೀಸೆಲ್ ಜೀಪು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಡೀಸೆಲ್ ತೆರಿಗೆಯೂ ಆಗಲೇ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿ ಶೇ. 21.17 ಆಯಿತು. ಜೀಪಿನವರು ಅದನ್ನು ದಿನಾ ಬಂಕಿನಲ್ಲಿ ಕಟ್ಟುತ್ತಾರೆ. ಬೊಕ್ಕಸಕ್ಕೆ ದುಡ್ಡು ಸಾಲುತ್ತಿಲ್ಲ ಎಂದು ಅವರಿಂದ ಜಾಸ್ತಿ ತೆಗೆದುಕೊಂಡು, ಅದೇ ಬೊಕ್ಕಸದಿಂದ ಹೊಸ ಕಾರಿನವರಿಗೆ ಬಿಟ್ಟುಕೊಟ್ಟರೆ ಹೇಗೆ ಸ್ವಾಮಿ?

ಹೀಗೆ ಬಿಟ್ಟ ದುಡ್ಡಿನಿಂದ ಏನು ಲಾಭವಾಯಿತು ಎನ್ನುವುದೇ ನನ್ನ ಮುಖ್ಯ ಪ್ರಶ್ನೆ. ನಮ್ಮ ಸಂಬಂಧಿಕ ಹುಡುಗ ಪುತ್ತರಿಗೇ ಕಾರು ತೀರ್ಮಾನ ಮಾಡಿದ್ದ. ರಿಯಾಯಿತಿ ಇರುವ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಅದು ಸಿಗದಿದ್ದರೂ ಅವನು ಆ ಕಾರು ಕೊಳ್ಳುತ್ತಿದ್ದ. ಇಂಥವರಿಗೆ ಕೊಟ್ಟ ಪ್ರತಿಯೊಂದು ರೂಪಾಯಿ ಸುಮ್ನೆ ಹೋದ ಹಾಗೆ.

ಬೇರೆ ದೇಶಗಳು ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿವೆ. 2009ರಲ್ಲಿ ಅಮೆರಿಕ ಸರ್ಕಾರ ಹಳೇ ಕಾರು ಬಿಟ್ಟು ಹೊಸದು ಕೊಂಡವರಿಗೆ 3,500 ಅಥವಾ 4,500 ಡಾಲರ್ ಕೊಟ್ಟಿತು. ಮೊದಲು ನೂರು ಕೋಟಿ ಡಾಲರ್ ಇಟ್ಟರು. ಜನ ಮುಗಿಬಿದ್ದರು. ಮತ್ತೆ ಇನ್ನೂರು ಕೋಟಿ ಸೇರಿಸಿದರು. ಆಗಿನ ದರದಲ್ಲಿ ಒಟ್ಟು ಸುಮಾರು 14 ಸಾವಿರ ಕೋಟಿ ರೂಪಾಯಿ. ಎರಡು ತಿಂಗಳೊಳಗೆ ಸುಮಾರು 6.8 ಲಕ್ಷ ಕಾರು ಬದಲಾದವು. ಕೊಟ್ಟ ಕಾರು ಮತ್ತೆ ರಸ್ತೆಗೆ ಬರಬಾರದೆಂದು ಎಂಜಿನ್ ಆಯಿಲ್ ಇಳಿಸಿ, ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ ಸೀಝ್ ಆಗುವವರೆಗೆ ಓಡಿಸಿದರು. ಅವೆಲ್ಲ ಓಡುತ್ತಿದ್ದ ಎಂಜಿನ್‌ಗಳು. ನಮ್ಮೂರಿನ ಮೆಕ್ಯಾನಿಕ್ಕಿಗೆ ಇದನ್ನು ಹೇಳಿದಾಗ ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಓಡೋ ಎಂಜಿನ್ನಾ?" ಎಂದು ಎರಡು ಸಲ ಕೇಳಿದರು.

ಅತೀಫ್ ಮಿಯಾನ್ ಮತ್ತು ಅಮೀರ್ ಸೂಫಿ ಎಂಬ ಅರ್ಥಶಾಸ್ತ್ರಜ್ಞರು ಆಮೇಲೆ ಊರೂರಿನ ಮಾರಾಟದ ಲೆಕ್ಕ ತೆಗೆದರು. ಆ ಎರಡು ತಿಂಗಳಲ್ಲಿ ಎಷ್ಟು ಕಾರು ಹೆಚ್ಚಿಗೆ ಮಾರಾಟವಾದವೋ, ಬಹುತೇಕ ಅಷ್ಟೇ ಮುಂದಿನ ತಿಂಗಳುಗಳಲ್ಲಿ ಕಡಿಮೆಯಾಗಿದ್ದವು. 2010ರ ಮಾರ್ಚ್ ಹೊತ್ತಿಗೆ ಲೆಕ್ಕ ಬಹುತೇಕ ಸಮವಾಗಿತ್ತು. ನಾಳೆ ಕೊಳ್ಳುವವರು ಇವತ್ತೇ ಕೊಂಡಿದ್ದರು ಅಷ್ಟೆ. 2009ರಲ್ಲೇ ಜರ್ಮನಿಯಲ್ಲೂ ಇಂಥದೇ ಯೋಜನೆ ಬಂತು. ಒಂದು ಕಾರಿಗೆ 2,500 ಯೂರೋ ಎಂದು 150 ಕೋಟಿ ಯೂರೋದಿಂದ ಶುರು ಮಾಡಿದ್ದು 500 ಕೋಟಿಗೆ ಹೋಗಿ ನಿಂತಿತು. ಒಮ್ಮೆ ಶುರುವಾದ ರಿಯಾಯಿತಿಗೆ ಕಡಿವಾಣ ಹಾಕುವುದು ಎಷ್ಟು ಕಷ್ಟ ಎನ್ನುವುದಕ್ಕೆ ಇದು ಸಾಕ್ಷಿ.

ತಾವು ನನ್ನನ್ನು ತಪ್ಪು ತಿಳಿಯಬಾರದು. ಹಳೇ ಗಾಡಿ ಎಂದ ಮಾತ್ರಕ್ಕೆ ಉಳಿಸಿ ಎಂದು ನಾನು ಹೇಳುತ್ತಿಲ್ಲ. ನನ್ನ ಓಮ್ನಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮುಂದೆ ಏನಾದರೂ ಬಡಿದರೆ ಕಾಲಿಗೂ ಪೆಟ್ಟಿಗೂ ನಡುವೆ ತಗಡೊಂದೇ. ಮಳೆಗಾಲದಲ್ಲಿ ಘಾಟಿ ಇಳಿಯುವಾಗ ನನಗೇ ಭಯವಾಗುತ್ತದೆ. ಮಡಿಕೇರಿಯ ಏರಿನಲ್ಲಿ ಕಪ್ಪು ಹೊಗೆ ಉಗುಳುವ ಜೀಪಿನ ಹಿಂದೆ ಶಾಲೆ ಮಕ್ಕಳು ಮೂಗು ಮುಚ್ಚಿಕೊಂಡು ನಡೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳ ಹೊಗೆ ತುಂಬಾ ಕಡಿಮೆಯಾಗಿದೆ ಎನ್ನುವುದು ನಿಜ. ಕೆಟ್ಟ ಹೊಗೆಯ ಗಾಡಿ ಹೋಗಲೇಬೇಕು.

ಆದರೆ ಯಾವ ಗಾಡಿ ಕೆಟ್ಟದ್ದು ಎಂದು ತೀರ್ಮಾನಿಸುವುದು ಹೇಗೆ? ಹುಟ್ಟಿದ ವರ್ಷ ನೋಡಿಯೋ, ಪರೀಕ್ಷೆ ಮಾಡಿಯೋ? ದೆಹಲಿಯ ಹಾಗೆ ವಯಸ್ಸಿನ ಮೇಲೆ ನಿಷೇಧ ನಮ್ಮಲ್ಲಿ ಇಲ್ಲ, ಅದು ಒಳ್ಳೆಯದೇ. 15 ವರ್ಷ ದಾಟಿದ ಮೇಲೂ ಗಾಡಿ ಸರಿಯಿದ್ದರೆ ನೋಂದಣಿ ನವೀಕರಿಸಬಹುದು. ಆದರೆ ಶುಲ್ಕ ಹೋಗಿರುವ ದಾರಿ ನೋಡಿ. 2021ರಲ್ಲಿ ನಾನು ನವೀಕರಿಸಿದಾಗ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಗಾಡಿ ಪರೀಕ್ಷೆಯಲ್ಲಿ ಪಾಸಾದರೂ ಇಷ್ಟು, ಜಾಸ್ತಿ ಓಡದಿದ್ದರೂ ಇಷ್ಟೇ. ಹಳೇ ಗಾಡಿಯವರ ಮೇಲೆ ಒಂದು ಕೈಯಿಂದ ಹೊರೆ, ಹೊಸ ಗಾಡಿಯವರಿಗೆ ಇನ್ನೊಂದು ಕೈಯಿಂದ ರಿಯಾಯಿತಿ.

ಕೊಡಗಿನಲ್ಲಿ ಜನ ಹಳೇ ಗಾಡಿ ಇಟ್ಟುಕೊಳ್ಳುವುದು ಶೋಕಿಗಲ್ಲ. ನಮ್ಮ ಜಿಲ್ಲೆಗೆ ರೈಲು ಇಲ್ಲ. ಒಳಗಿನ ಎಷ್ಟೋ ದಾರಿಗೆ ಖಾಸಗಿ ಬಸ್ಸೇ ಗತಿ, ಅಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯುವುದಿಲ್ಲ. ಇನ್ನು ಕೆಲವು ಕಡೆ ಅದೂ ಇಲ್ಲ. ಅಲ್ಲಿ ಕಾರ್ಮಿಕರು, ಗೊಬ್ಬರ, ಕಾಫಿ ಚೀಲ, ರೋಗಿ, ಎಲ್ಲರಿಗೂ ಒಂದೇ ಜೀಪು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಇಲ್ಲದಂತಾದಾಗ, ಈಗ ಹೇಳಿದ ನೆರೆಮನೆಯ ಜೀಪು ಮಕ್ಕಂದೂರು ಕಡೆಯಿಂದ ಮೂರು ಸಲ ಜನರನ್ನು ತಂದು ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಬಿಟ್ಟಿತ್ತು. ಕೊನೆಯ ಸಲ ಒಬ್ಬ ಅಜ್ಜಿ ನಾಯಿಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಮಡಿಲಿಂದ ನೀರು ಸೋರುತ್ತಿತ್ತು. ಒಂದು ಮಾತೂ ಆಡಲಿಲ್ಲ.

ಆ ಜೀಪು ಹೊಗೆ ಬಿಡುತ್ತದೆ. ಅದರ ಬದಲಿಗೆ ಒಳ್ಳೆಯ ಗಾಡಿ ಬರಬೇಕು ಎಂದು ಅದರ ಯಜಮಾನರಿಗೂ ಆಸೆ. ಆದರೆ ಹತ್ತು ಲಕ್ಷ ಎಲ್ಲಿಂದ ತರುವುದು? ತೆರಿಗೆಯಲ್ಲಿ ಕೆಲವು ಸಾವಿರ ಬಿಟ್ಟರೆ ಅವರಿಗೆ ಉಪಯೋಗವಿಲ್ಲ. ಅವರ ಕೈಗೆಟುಕುವುದು ಮೂರು ನಾಲ್ಕು ವರ್ಷ ಹಳೆಯ ಬಿಎಸ್-6 ಪಿಕಪ್. ಸೆಕೆಂಡ್ ಹ್ಯಾಂಡ್ ಕೊಂಡರೆ ಈ ತೆರಿಗೆ ರಿಯಾಯಿತಿಯಿಂದ ಅವರಿಗೆ ಏನೂ ದಕ್ಕುವುದಿಲ್ಲ. ನಿಜವಾಗಿ ಬದಲಾಗಬೇಕಾದ ಗಾಡಿ ರಸ್ತೆಯಲ್ಲೇ ಉಳಿಯುತ್ತದೆ. ಸರ್ಕಾರದ ದುಡ್ಡು ಮಾತ್ರ ಖರ್ಚಾಗುತ್ತದೆ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆ ಇಡುತ್ತೇನೆ.

ಎಲ್ಲಕ್ಕಿಂತ ಮೊದಲು ಲೆಕ್ಕ ಹೊರಗಿಡಿ. ಕೇಂದ್ರ ಸರ್ಕಾರ ಬಜೆಟ್ ಜೊತೆಗೆ ತೆರಿಗೆ ರಿಯಾಯಿತಿಗಳಿಂದ ಎಷ್ಟು ಆದಾಯ ಬಿಟ್ಟುಹೋಯಿತು ಎಂಬ ಪಟ್ಟಿಯನ್ನು ಹಲವು ವರ್ಷಗಳಿಂದ ಕೊಡುತ್ತಿದೆ. ವಾಹನ ತೆರಿಗೆ ವಿಷಯದಲ್ಲಿ ರಾಜ್ಯವೂ ಹಾಗೆ ಮಾಡಲಿ. ಜಿಲ್ಲೆವಾರು ಎಷ್ಟು ಗಾಡಿ ಗುಜರಿಗೆ ಹೋದವು, ಅವುಗಳ ಬದಲಿಗೆ ಯಾವ ಬೆಲೆಯ ಗಾಡಿಗಳಿಗೆ ಎಷ್ಟು ತೆರಿಗೆ ಬಿಟ್ಟರು, ಪ್ರಮಾಣಪತ್ರ ಹಳೇ ಗಾಡಿಯ ಮಾಲೀಕರೇ ಬಳಸಿದ್ದು ಎಷ್ಟು, ಮಾರಾಟವಾಗಿದ್ದು ಎಷ್ಟು. ಇಷ್ಟನ್ನು ವರ್ಷಕ್ಕೊಮ್ಮೆ ಸದನದ ಮುಂದಿಡಿ. ಈ ಎಲ್ಲ ಮಾಹಿತಿ ಕಂಪ್ಯೂಟರಿನಲ್ಲೇ ದಾಖಲಾಗುತ್ತದೆ, ಹೊಸದಾಗಿ ಯಾರನ್ನೂ ನೇಮಿಸಬೇಕಾಗಿಲ್ಲ.

ಗಾಡಿಯ ಬೆಲೆ ಏರಿದ ಹಾಗೆ ರಿಯಾಯಿತಿ ಏರುವುದು ಬೇಡ. ಎಲ್ಲರಿಗೂ ಒಂದೇ ಮೊತ್ತ ಇರಲಿ. 10 ಲಕ್ಷಕ್ಕಿಂತ ಮೇಲಿನ ಸ್ವಂತ ಕಾರಿಗೆ ಏನೂ ಬೇಡ. ಅಷ್ಟು ಕೊಡುವ ಶಕ್ತಿ ಇರುವವರು ತೆರಿಗೆಯನ್ನೂ ಕಟ್ಟಬಲ್ಲರು. ಪ್ರಮಾಣಪತ್ರದ ಲಾಭ ಹಳೇ ಗಾಡಿ ಯಾರದ್ದೋ ಅವರಿಗೇ ಸಿಗಲಿ. ಅದನ್ನು ಮಾರುವ ನಿಯಮ ಕೇಂದ್ರದ್ದು ಎಂದು ಗೊತ್ತು. ಆದರೆ ತೆರಿಗೆ ರಾಜ್ಯದ್ದು, ಷರತ್ತು ಹಾಕುವ ಅಧಿಕಾರವನ್ನು ತಾವು ಕೇಳಿ ಪಡೆಯಬಹುದು.

ನನಗೆ ಅತಿ ಮುಖ್ಯವಾದ ಬೇಡಿಕೆ ಇದು. ಹೊಸ ಗಾಡಿ ಕೊಂಡರೆ ಮಾತ್ರ ಲಾಭ ಎನ್ನುವುದನ್ನು ಬಿಡಿ. ಹೊಗೆ ಪರೀಕ್ಷೆಯಲ್ಲಿ ನಿಜಕ್ಕೂ ಫೇಲ್ ಆದ ಗಾಡಿಯನ್ನು ಗುಜರಿಗೆ ಕೊಟ್ಟವರಿಗೆ ನೇರವಾಗಿ ಬ್ಯಾಂಕ್ ಖಾತೆಗೆ ಒಂದು ಮೊತ್ತ ಹಾಕಿ. ಆ ದುಡ್ಡಿನಲ್ಲಿ ಅವರು ಸೆಕೆಂಡ್ ಹ್ಯಾಂಡ್ ಬಿಎಸ್-6 ಗಾಡಿ ಕೊಳ್ಳಲಿ, ಇಲ್ಲವೇ ಬಸ್ಸಿನಲ್ಲಿ ಓಡಾಡಲಿ. ಕಾರ್ಮಿಕರನ್ನು ಸಾಗಿಸುವ ಜೀಪು, ಶಾಲಾ ವ್ಯಾನು, ಪಿಕಪ್ಪುಗಳಿಗೆ ಮೊದಲ ಪಾಲು ಕೊಡಿ. ಹೊಗೆ ಕಡಿಮೆಯಾಗುವುದು ಅಲ್ಲಿಂದಲೇ.

ಹಾಗೇ, ಪರೀಕ್ಷೆ ಪಾಸಾದ, ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಗಾಡಿಗೆ ನವೀಕರಣ ಶುಲ್ಕ ಇಳಿಸುವಂತೆ ಕೇಂದ್ರಕ್ಕೆ ಬರೆಯಿರಿ. ಒಂದು ಕಾರು ತಯಾರಾಗುವಾಗಲೇ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿಗೆ ಹಲವು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸರಿಯಾಗಿರುವ ಗಾಡಿಯನ್ನು ಅವಸರದಲ್ಲಿ ಒಡೆದು ಹೊಸದು ತರಿಸುವುದರಿಂದ ಆ ಲೆಕ್ಕ ಜಾಸ್ತಿಯಾಗುತ್ತದೆ.

ಹೀಗೆ ರಿಯಾಯಿತಿ ಕಡಿಮೆ ಮಾಡಿ ಉಳಿಸಿದ ದುಡ್ಡಿನಲ್ಲಿ ನಮ್ಮ ಒಳದಾರಿಗಳಿಗೆ ಸರ್ಕಾರಿ ಬಸ್ಸು ಹಾಕಿಸಿ. ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ಐದಕ್ಕೆ ಒಂದು ಬಂದರೂ ಸಾಕು. ಲೈನ್‌ಮನೆಯ ಹೆಂಗಸರು ಜೀಪಿನ ಹಿಂದೆ ನಿಂತು ಕಂಬಿ ಹಿಡಿದುಕೊಂಡು ಬರುವುದು ತಪ್ಪುತ್ತದೆ.

ನನ್ನ ಓಮ್ನಿಯ ನೋಂದಣಿ ಈ ವರ್ಷ ಮುಗಿಯುತ್ತದೆ. ಅದನ್ನು ಪರೀಕ್ಷೆಗೆ ತರುತ್ತೇನೆ. ಫೇಲ್ ಆದರೆ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋಗುತ್ತೇನೆ, ಅದರ ಪ್ರಮಾಣಪತ್ರವನ್ನು ಯಾರಿಗೂ ಮಾರುವುದಿಲ್ಲ. ಪಾಸಾದರೆ ಹತ್ತು ಸಾವಿರ ಕಟ್ಟಿ ರಸೀದಿ ತೆಗೆದುಕೊಳ್ಳುತ್ತೇನೆ. ಆ ಹತ್ತು ಸಾವಿರ ಎಲ್ಲಿಗೆ ಹೋಯಿತು, ಅದರ ಪಕ್ಕದಲ್ಲೇ ಎಷ್ಟು ತೆರಿಗೆ ಯಾರಿಗೆ ಬಿಟ್ಟರು ಎಂಬ ಲೆಕ್ಕ ಮುಂದಿನ ಬಜೆಟ್ ಪುಸ್ತಕದಲ್ಲಿ ನನಗೆ ಓದಲು ಸಿಗಬೇಕು. ತಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಾಪೋಕ್ಲು ಕಡೆಯ ಒಬ್ಬ ಕಾಫಿ ಬೆಳೆಗಾರ
ಕೊಡಗು ಜಿಲ್ಲೆ